ಲಿವರ್ ರಿಪೋರ್ಟಿನಲ್ಲಿ ಹೃದಯವನ್ನು ನೋಡುವ ಬಗೆ

ರಕ್ತದ ಲಿವರ್ ಪರೀಕ್ಷೆಯಲ್ಲಿ ಜಿಜಿಟಿ ಎಂಬ ಕಿಣ್ವ ಸ್ವಲ್ಪ ಏರಿದರೂ ಕೊಡಗಿನಲ್ಲಿ ಮೊದಲು ಬರುವ ಪ್ರಶ್ನೆ, 'ದಿನಕ್ಕೆ ಎಷ್ಟು ಪೆಗ್?' ಕೇಳಲೇಬೇಕು, ಆದರೆ ಅಷ್ಟಕ್ಕೇ ಬಿಡಬಾರದು. ಬೊಜ್ಜು, ಸಕ್ಕರೆ ಕಾಯಿಲೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಹೃದಯ ಸೋತು ಲಿವರಿನಲ್ಲಿ ರಕ್ತ ಕಟ್ಟುವುದು, ಇವೂ ಜಿಜಿಟಿ ಏರಿಸುತ್ತವೆ. 1,63,944 ಆಸ್ಟ್ರಿಯನ್ನರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿಜಿಟಿ ಹೆಚ್ಚಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯವೂ ಹೆಚ್ಚಿತ್ತು. ಫ್ಯಾಟಿ ಲಿವರ್ ಇರುವವರನ್ನೂ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯವೇ.

ಮೊದಲು ಅಂಕಿ ನಿಜವೇ ಎಂದು ನೋಡುತ್ತೇನೆ. ತೋಟದ ಮನೆಯಲ್ಲಿ ತೆಗೆದ ರಕ್ತ ಜೀಪಿನಲ್ಲಿ ಕುಲುಕಿ ಬಂದರೆ ಕಣಗಳು ಒಡೆದು ಸೀರಂ (ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕೆಂಪಾಗುತ್ತದೆ, ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವ ಸುಳ್ಳೇ ಏರುತ್ತದೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಎರಡು ಗಂಟೆಯೊಳಗೆ ಸೀರಂ ಬೇರ್ಪಡಿಸಿಯೇ ಕಳಿಸಬೇಕು. ಕಾಫಿ ಕೊಯ್ಲಿನಲ್ಲಿ ಮೂಟೆ ಹೊತ್ತವರ ಎಸ್‌ಜಿಒಟಿ ಸ್ನಾಯುವಿನಿಂದಲೂ ಬಂದಿರಬಹುದು. ಸ್ನಾಯುವಿನ ಕಿಣ್ವವಾದ ಸಿಪಿಕೆ ಮಾಡಿಸಿದರೆ ಗೊತ್ತಾಗುತ್ತದೆ. ಮಳೆಗಾಲದ ಜ್ವರದ ಜೊತೆ ಏರಿದ್ದರೆ ಇಲಿ ಜ್ವರದ ಯೋಚನೆ ಮೊದಲು. ಇನ್ನು ಪುತ್ತರಿ ಹಬ್ಬದ ಕುಡಿತ ಮುಗಿದ ವಾರವೇ ಜಿಜಿಟಿ ಮಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಕುಡಿತ ಬಿಟ್ಟರೆ ಎರಡು ಮೂರು ವಾರದಲ್ಲಿ ಅದು ಸುಮಾರು ಅರ್ಧಕ್ಕಿಳಿಯುತ್ತದೆ. ಆರು ವಾರ ಬಿಟ್ಟು ಮತ್ತೆ ನೋಡಿ.

ಆಮೇಲೂ ಇಳಿಯದಿದ್ದರೆ ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಲಿಪಿಡ್ (ರಕ್ತದ ಕೊಬ್ಬು), ಇಸಿಜಿ, ಸೊಂಟದ ಸುತ್ತಳತೆ ನೋಡಬೇಕು. ಸೊಂಟಕ್ಕೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಟೇಪು ಹಿಡಿಯಲು ಖರ್ಚಿಲ್ಲ, ಆದರೂ ಹಿಡಿಯುವವರು ಕಡಿಮೆ.

ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ತಿಳಿಯಲು ಮೊದಲಿಗೆ ಫಿಬ್-4 ಎಂಬ ಲೆಕ್ಕ ಸಾಕು: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ (ಮತ್ತೊಂದು ಲಿವರ್ ಕಿಣ್ವ) ವರ್ಗಮೂಲದಿಂದ ಗುಣಿಸಿದ ಮೊತ್ತದಿಂದ ಭಾಗಿಸಬೇಕು. ವಯಸ್ಸು 52, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.1 ಲಕ್ಷ ಎಂದಿಟ್ಟುಕೊಳ್ಳಿ. 2496 ಭಾಗಿಸು 1680, ಅಂದರೆ 1.49. ನಮ್ಮ ಲ್ಯಾಬುಗಳು ಪ್ಲೇಟ್‌ಲೆಟ್ ಲಕ್ಷದಲ್ಲಿ ಬರೆಯುವುದರಿಂದ ಎಡವಟ್ಟಾಗುವುದು ಇಲ್ಲೇ, 2.1 ಲಕ್ಷವನ್ನು ಸಾವಿರದ ಲೆಕ್ಕದಲ್ಲಿ 210 ಎಂದೇ ಹಾಕಬೇಕು. 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ನೆಮ್ಮದಿ, 65 ದಾಟಿದವರಿಗೆ ಆ ಗಡಿ 2. ಮೇಲಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್.

ಎಸ್‌ಜಿಪಿಟಿ 70 ಬಂತೆಂದು ಹೃದಯ ಕಾಯುವ ಕೊಲೆಸ್ಟರಾಲ್ ಮಾತ್ರೆ ಸ್ಟ್ಯಾಟಿನ್ ನಿಲ್ಲಿಸಿ ಲಿವರ್ ಟಾನಿಕ್ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಗರಿಷ್ಠ ಮಿತಿ 40 ಇದ್ದರೆ 120ರವರೆಗೆ, ಕಾಮಾಲೆಯಂಥ ಲಕ್ಷಣವಿಲ್ಲದಿದ್ದಲ್ಲಿ, ಮಾತ್ರೆ ಮುಂದುವರಿಸಿ ಕೆಲವು ವಾರದ ನಂತರ ಪರೀಕ್ಷೆ ಮಾಡಿಸುತ್ತೇನೆ.