ಕಿತ್ತುಹಾಕಿದ ನಿಯಮದ ಜಾಗದಲ್ಲಿ ಏನು ಬರುತ್ತದೆ? – ಪ್ರೆಸ್ಬಿಟರಿ ಚರ್ಚೆಯಲ್ಲಿ ನನ್ನ ಅನುಭವ

ಅಮೆರಿಕದ ಪ್ರೆಸ್ಬಿಟೀರಿಯನ್ ಚರ್ಚ್ ಆದ ಪಿಸಿಯುಎಸ್‌ಎಯ 219ನೇ ಜನರಲ್ ಅಸೆಂಬ್ಲಿ, ಅಂದರೆ ರಾಷ್ಟ್ರಮಟ್ಟದ ಮಹಾಸಭೆ, 2010ರ ಜುಲೈಯಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆಯಿತು. ಅಲ್ಲಿಂದ ಮೂರು ದೊಡ್ಡ ಪ್ರಶ್ನೆಗಳು ದೇಶದ 173 ಪ್ರೆಸ್ಬಿಟರಿಗಳ, ಅಂದರೆ ಒಂದೊಂದು ಪ್ರದೇಶದ ಸಭೆಗಳನ್ನು ನೋಡಿಕೊಳ್ಳುವ ಮಂಡಳಿಗಳ, ಮತಕ್ಕೆ ಬಂದವು: ಸಲಿಂಗಿಗಳಿಗೂ ಸಭಾಸೇವೆಯ ದಾರಿ ತೆರೆಯುವ ದೀಕ್ಷೆಯ ಅರ್ಹತೆಯ ತಿದ್ದುಪಡಿ, ವರ್ಣಭೇದದ ವಿರುದ್ಧ ಹುಟ್ಟಿದ ದಕ್ಷಿಣ ಆಫ್ರಿಕದ ಬೆಲ್ಹಾರ್ ವಿಶ್ವಾಸಪ್ರಮಾಣ, ಮತ್ತು ಸಭಾಡಳಿತದ ನಿಯಮಗಳನ್ನೇ ಹೊಸದಾಗಿ ಬರೆದ ಕರಡು. ಪತ್ರಿಕೆಗಳು ಮೊದಲನೆಯದರ ಬಗ್ಗೆಯೇ ಬರೆದವು. ನಮ್ಮ ಸಭೆಯ ಪರವಾಗಿ ಪ್ರೆಸ್ಬಿಟರಿಗೆ ಹೋಗಿ ಮತ ಹಾಕಬೇಕಿದ್ದ ನನ್ನನ್ನು ಹೆಚ್ಚು ದುಡಿಸಿದ್ದು ಮೂರನೆಯದು.

ನಾನು ಬೆಳೆದದ್ದು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಪಾಸ್ಟರೇಟ್ ಕಮಿಟಿಯಲ್ಲಿ ವರ್ಷಗಟ್ಟಲೆ ದುಡಿದ ನನ್ನ ಮಾವನಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಾಗ ಅವರು ಮೊದಲು ಕೇಳಿದ್ದು, "ಬಿಷಪ್ ಏನಂದ್ರು?" ಎಂದು. "ನಮ್ಮಲ್ಲಿ ಬಿಷಪ್ ಇಲ್ಲ ಮಾವ, ಪ್ರೆಸ್ಬಿಟರಿಯೇ ಬಿಷಪ್" ಎಂದೆ. ಒಬ್ಬ ವ್ಯಕ್ತಿ ವಹಿಸುವ ಹೊಣೆಯನ್ನು ಇಲ್ಲಿ ಸಭಾಪಾಲಕರೂ (ಪಾಸ್ಟರ್‌ಗಳು) ಸಭೆಯ ಜನರು ಆರಿಸಿದ ಹಿರಿಯರೂ ಸರಿಸುಮಾರು ಸಮಸಂಖ್ಯೆಯಲ್ಲಿ ಕೂತು ಹೊರುತ್ತಾರೆ. ಬುಕ್ ಆಫ್ ಆರ್ಡರ್ ಎಂಬ ನಿಯಮಗ್ರಂಥದ ತಿದ್ದುಪಡಿಗೆ ಪ್ರೆಸ್ಬಿಟರಿಗಳ ಬಹುಮತ ಸಾಕು, ಅಂದರೆ ಆಗ 87. ವಿಶ್ವಾಸಪ್ರಮಾಣಕ್ಕಾದರೆ ಮೂರರಲ್ಲಿ ಎರಡು ಪಾಲು ಬೇಕು.

ಮತಕ್ಕೆ ಬಂದ ಕರಡಿನಲ್ಲಿ ಪ್ರೆಸ್ಬಿಟರಿ ಒಂದು ಅಲ್ಪವಿರಾಮವನ್ನೂ ಬದಲಿಸುವಂತಿಲ್ಲ. ಹೌದು ಅಥವಾ ಇಲ್ಲ, ಎರಡೇ ದಾರಿ. ಆದ್ದರಿಂದ "ಈ ವಾಕ್ಯ ಹೀಗಿದ್ದರೆ ಚೆನ್ನಾಗಿತ್ತು" ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಈ ಕರಡು ಜಾರಿಗೆ ಬಂದರೆ ನಮ್ಮ ಊರಿನ ಸಭೆಗಳಲ್ಲಿ ಏನಾಗುತ್ತದೆ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಹಳೆಯ ಆಡಳಿತ ಭಾಗದಲ್ಲಿ 18 ಅಧ್ಯಾಯಗಳಿದ್ದವು. ಹೊಸದರಲ್ಲಿ ಮೂಲತತ್ತ್ವಗಳಿಗೆ 3, ಆಡಳಿತಕ್ಕೆ 6. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, "ಮಾಡತಕ್ಕದ್ದು" ಎಂಬ ಕಡ್ಡಾಯವಿದ್ದಲ್ಲೆಲ್ಲ ಕೆಂಪು ಗೆರೆ, "ಮಾಡಬಹುದು" ಎಂದಿದ್ದಲ್ಲಿ ಹಸಿರು ಗೆರೆ ಎಳೆಯುತ್ತ ಹೋದೆ. ಕೆಂಪಿನಿಂದ ಹಸಿರಿಗೆ ಜಾರಿದ ಪ್ರತಿಯೊಂದು ನಿಯಮದ ಎದುರು ಒಂದೇ ಪ್ರಶ್ನೆ ಬರೆದೆ: ಇದು ಇಷ್ಟು ದಿನ ಯಾರನ್ನು ಕಾಯುತ್ತಿತ್ತು?

ಒಂದು ಉದಾಹರಣೆ ಕೊಡುತ್ತೇನೆ. ಸಹಾಯಕ ಸಭಾಪಾಲಕರು ಅದೇ ಸಭೆಯ ಮುಖ್ಯ ಸಭಾಪಾಲಕರ ಜಾಗಕ್ಕೆ ನೇರವಾಗಿ ಬರುವುದನ್ನು ಹಳೆಯ ನಿಯಮ ತಡೆದಿತ್ತು. ಹೊಸದು, ಪ್ರೆಸ್ಬಿಟರಿಯಲ್ಲಿ ಹಾಜರಿದ್ದವರ ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ ಆಗಬಹುದು ಎಂದಿತು. ಚಿಕ್ಕ ಸಭೆಗಳಿಗೆ ಇದು ದೊಡ್ಡ ಅನುಕೂಲ. ಆದರೆ ಮುಖ್ಯ ಸಭಾಪಾಲಕರನ್ನು ಹೊರಗೆ ಕಳಿಸಿ ಅವರ ಕುರ್ಚಿಗಾಗಿ ಗುಂಪು ಕಟ್ಟುವ ಆಸೆಗೆ ಹಳೆಯ ತಡೆ ಬೇಲಿಯಾಗಿತ್ತು. ಮತ್ತೊಂದು: ಪ್ರೆಸ್ಬಿಟರಿಯಲ್ಲಿ ಇಂತಿಂಥ ಸಮಿತಿಗಳು ಇರಲೇಬೇಕೆಂದು ಹಳೆಯದು ಹೇಳುತ್ತಿತ್ತು. ಹೊಸದು ಕೆಲಸ ಆಗಬೇಕು ಎನ್ನುತ್ತದೆ, ಯಾವ ಸಮಿತಿ ಎಂಬುದನ್ನು ನಮಗೆ ಬಿಡುತ್ತದೆ. ಹೊಸದಾಗಿ ಬಿಗಿಯಾದದ್ದೂ ಇದೆ: ಪ್ರತಿ ಹಂತದ ಸಭಾಮಂಡಳಿಗೂ ಲೈಂಗಿಕ ದುರ್ನಡತೆ ತಡೆಯುವ ನೀತಿ ಕಡ್ಡಾಯ. ಅದೊಂದಕ್ಕಾಗಿಯೇ ನಾನು ಕರಡಿನ ಕಡೆ ಅರ್ಧ ವಾಲಿದ್ದೆ.

ನಮ್ಮ ಸೆಷನ್‌ನಲ್ಲಿ, ಅಂದರೆ ಸ್ಥಳೀಯ ಹಿರಿಯರ ಮಂಡಳಿಯಲ್ಲಿ, ಒಬ್ಬರು "ನಾವು ಇಲ್ಲೇ ತೀರ್ಮಾನಿಸೋಣ, ನೀವು ಹೋಗಿ ಹಾಗೆಯೇ ಮತ ಹಾಕಿ" ಎಂದರು. ನಾನು ಒಪ್ಪಲಿಲ್ಲ. ಹಿರಿಯರು ಜನರ ಇಚ್ಛೆಯನ್ನು ಹೊತ್ತು ತರುವವರಷ್ಟೇ ಅಲ್ಲ, ಕ್ರಿಸ್ತನ ಚಿತ್ತವನ್ನು ಕೂಡಿ ಹುಡುಕುವವರು ಎಂದು ನಮ್ಮ ನಿಯಮವೇ ಹೇಳುತ್ತದೆ. ಮನಸ್ಸು ಕಟ್ಟಿಹಾಕಿಕೊಂಡು ಹೋದರೆ ಚರ್ಚೆಗೆ ಅರ್ಥವೇ ಉಳಿಯುವುದಿಲ್ಲ. ಅವರ ಆತಂಕಗಳನ್ನೆಲ್ಲ ಬರೆದುಕೊಂಡು ಹೋದೆ, ಮತವನ್ನು ಮಾತ್ರ ಕೊಟ್ಟು ಹೋಗಲಿಲ್ಲ.

ಪ್ರೆಸ್ಬಿಟರಿಯಲ್ಲಿ ಪರ ಒಬ್ಬರು, ವಿರೋಧ ಒಬ್ಬರು ಎಂದು ಸರದಿಯಲ್ಲಿ ಮಾತು. ಸಿಗುವುದು ಎರಡೇ ನಿಮಿಷ, ಒಂದು ವಿಷಯಕ್ಕಿಂತ ಹೆಚ್ಚು ಎತ್ತಿಕೊಂಡರೆ ಯಾವುದೂ ಕೇಳುವವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಾನು ಪರವಾಗಿ ನಿಂತು ಒಂದೇ ಮಾತು ಹೇಳಿದೆ: ಕರಡು ನಿಯಮವನ್ನು ಅಳಿಸುತ್ತಿಲ್ಲ, ಬರೆಯುವ ಹೊಣೆಯನ್ನು ನಮ್ಮ ಹೆಗಲಿಗೆ ದಾಟಿಸುತ್ತಿದೆ. ಪ್ರತಿ ಮಂಡಳಿಯೂ ತನ್ನದೇ ಕಾರ್ಯಕೈಪಿಡಿ ಮಾಡತಕ್ಕದ್ದು ಎಂದು ಅದರಲ್ಲೇ ಇದೆ. ಆ ಕೆಲಸಕ್ಕೆ ಇವತ್ತೇ ಜನರನ್ನು ನೇಮಿಸಿ, ಆಮೇಲೆ ಹೌದು ಎನ್ನಿ. ವಿರೋಧವಾಗಿ ಮಾತಾಡಿದ ಹಿರಿಯರೊಬ್ಬರು, ವಕೀಲರು, ಬಿಡುವಿನಲ್ಲಿ ಬಂದು ಆ ತಂಡದಲ್ಲಿ ತಾವೂ ಇರುತ್ತೇವೆ ಎಂದರು. ಆ ದಿನ ನಡೆದ ಅತ್ಯಂತ ಒಳ್ಳೆಯ ಸಂಗತಿ ಅದೇ ಎಂದು ಇಂದಿಗೂ ನನ್ನ ಅಭಿಪ್ರಾಯ. ಅನುಮಾನವಿದ್ದವರೇ ಬಿಗಿಯಾದ ನಿಯಮ ಬರೆಯುತ್ತಾರೆ.

ದೀಕ್ಷೆಯ ತಿದ್ದುಪಡಿ 2011ರ ಮೇ 10ರಂದು 87ನೇ ಮತ ಪಡೆಯಿತು. ಬೆಲ್ಹಾರ್ ಆ ಸಲ ಸೋತು, 2016ರಲ್ಲಿ ಸೇರಿತು. ಹೊಸ ಆಡಳಿತ ನಿಯಮ 2011ರ ಜುಲೈ 10ರಿಂದ ಜಾರಿಗೆ ಬಂತು.

ಕೈಪಿಡಿಯಲ್ಲಿ ಆ ವಕೀಲರು ಪಟ್ಟುಹಿಡಿದು ಒಂದು ಸಾಲು ಸೇರಿಸಿದರು: ಸಹಾಯಕ ಸಭಾಪಾಲಕರ ಬಡ್ತಿಯ ಪ್ರಸ್ತಾವ ಲಿಖಿತ ವರದಿಯೊಂದಿಗೆ ಒಂದು ಕೂಟದಲ್ಲಿ ಮಂಡನೆಯಾಗಿ, ಮುಂದಿನ ಕೂಟದಲ್ಲೇ ಮತಕ್ಕೆ ಹೋಗಬೇಕು.

ಬುಕ್ ಆಫ್ ಆರ್ಡರ್‌ನಲ್ಲಿ ದೂರು, ವಿಚಾರಣೆಗಳಿಗೆ ಸಂಬಂಧಿಸಿದ ಶಿಸ್ತಿನ ಭಾಗವನ್ನು ಆಗ ಮುಟ್ಟಿರಲಿಲ್ಲ. ಅದರ ಬದಲಿ ಪಠ್ಯ 2022ರ ಅಸೆಂಬ್ಲಿಯಿಂದ ಪ್ರೆಸ್ಬಿಟರಿಗಳಿಗೆ ಬಂದು 2023ರಲ್ಲಿ ಜಾರಿಯಾಯಿತು. ಆಗಲೂ ಕೆಂಪು, ಹಸಿರು ಗೆರೆ ಎಳೆದೆ. ಆದರೆ ಶಿಸ್ತಿನ ನಿಯಮಕ್ಕೆ ಅದೊಂದೇ ಸಾಲದು. ಇಡೀ ಪಠ್ಯವನ್ನು ಮೊದಲು ದೂರು ಕೊಟ್ಟವಳ ಜಾಗದಲ್ಲಿ ನಿಂತು ಓದಿದೆ, ಆಮೇಲೆ ಆರೋಪ ಹೊತ್ತವರ ಜಾಗದಲ್ಲಿ ನಿಂತು. ಎರಡನೆಯ ಓದಿಗೆ ಕೂತಾಗ ಮೊದಲ ಓದಿನ ಟಿಪ್ಪಣಿಗಳನ್ನು ಪಕ್ಕಕ್ಕಿಡಬೇಕು, ಇಲ್ಲವಾದರೆ ಕಣ್ಣು ಒಂದೇ ಕಡೆ ಹೋಗುತ್ತದೆ.