ಹತ್ತರಲ್ಲಿ ಎಂಟು, ಹತ್ತರಲ್ಲಿ ಮೂರು: ಸಣ್ಣ ಎಣಿಕೆಗಳನ್ನು ಹೋಲಿಸುವ ಬಗೆ

ಅಲಸಂದೆಯ ಎರಡು ಲಾಟ್‌ಗಳಿಂದ ಹತ್ತತ್ತು ಬೀಜ ತೆಗೆದು ಒದ್ದೆ ಕಾಗದದಲ್ಲಿ ಮೊಳಕೆಗಿಟ್ಟಾಗ ಒಂದರಲ್ಲಿ 8, ಇನ್ನೊಂದರಲ್ಲಿ 3 ಮೊಳೆತವು ಎಂದುಕೊಳ್ಳಿ. ಶೇ. 80, ಶೇ. 30 ಎಂದು ಬರೆದರೆ ಎರಡನೆಯ ಲಾಟನ್ನು ವಾಪಸ್ ಕಳಿಸುವುದೊಂದೇ ಬಾಕಿ ಅನ್ನಿಸುತ್ತದೆ. ಆತುರ ಬೇಡ. ಇಷ್ಟು ಸಣ್ಣ ಎಣಿಕೆಗೆ ಇರುವುದು ಫಿಶರ್‌ನ ನಿಖರ ಪರೀಕ್ಷೆ: ಇಂಥ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಂಭವನೀಯತೆ ಎಷ್ಟು ಎಂದು ಅದು ಎಣಿಸಿ ಹೇಳುತ್ತದೆ.

ಮೊದಲು 2×2 ಕೋಷ್ಟಕ ಹಾಕಿ: ಮೊಳೆತದ್ದು, ಮೊಳೆಯದ್ದು. ಮೊದಲ ಸಾಲು 8, 2. ಎರಡನೆಯದು 3, 7. ‘ಮೊಳೆತದ್ದು, ಒಟ್ಟು’ ಎಂದು 8, 10 ತುಂಬುವವರು ಬಹಳ. ತಂತ್ರಾಂಶ ತಕರಾರಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಶೇಕಡಾವಾರು ತುಂಬಿದರೂ ಅದೇ ಗತಿ.

ಈಗ ಲಾಟ್‌ಗಳಲ್ಲಿ ವ್ಯತ್ಯಾಸವೇ ಇಲ್ಲ ಎಂದು ಭಾವಿಸಿ. 20 ಬೀಜಗಳಲ್ಲಿ ಮೊಳೆತ 11 ಯಾವುವು ಎಂಬುದಕ್ಕೆ 1,67,960 ಬಗೆಗಳಿವೆ. ಮೊದಲ ಲಾಟ್‌ಗೆ 8, ಎರಡನೆಯದಕ್ಕೆ 3 ಬರುವ ಬಗೆಗಳು 45×120, ಅಂದರೆ 5,400. ಇದಕ್ಕಿಂತ ವಿಪರೀತವಾದವು: 9–2ಕ್ಕೆ 450, 10–1ಕ್ಕೆ 10. ಕೂಡಿದರೆ 5,860, ಭಾಗಿಸಿದರೆ 0.035. ಎರಡನೆಯ ಲಾಟ್ ಮುಂದಿದ್ದರೂ ನೀವು ಬೆರಗಾಗುತ್ತಿದ್ದಿರಿ ತಾನೆ? ಹಾಗಾದರೆ ಆ ಬದಿಯ 5,860 ಕೂಡ ಸೇರಬೇಕು: 0.070, ರೂಢಿಯ ಗಡಿಯಾದ 0.05ಕ್ಕಿಂತ ಮೇಲೆ. ಒಂದು ಬದಿಯೋ ಎರಡೋ ಎಂಬುದನ್ನು ಬೀಜ ನೆನೆಸುವ ಮೊದಲೇ ತೀರ್ಮಾನಿಸಿ. ಫಲಿತಾಂಶ ನೋಡಿ ಆರಿಸಿದರೆ ಅದು ಪರೀಕ್ಷೆಯಲ್ಲ.

ಇಂಥ ಕೋಷ್ಟಕಗಳಿಗೆ ಬಳಸುವ ಇನ್ನೊಂದು ಪರೀಕ್ಷೆ, ತಿದ್ದುಪಡಿಯಿಲ್ಲದ ಕೈ-ಸ್ಕ್ವೇರ್, ಇಲ್ಲಿ 0.025 ಕೊಡುತ್ತದೆ. ಅದು ದೊಡ್ಡ ಎಣಿಕೆಗಳಿಗೆ ಹೊಂದುವ ಅಂದಾಜು. ಇಲ್ಲಿ ಎರಡು ಮನೆಗಳ ನಿರೀಕ್ಷಿತ ಎಣಿಕೆ, ಅಂದರೆ ವ್ಯತ್ಯಾಸವಿಲ್ಲದಿದ್ದರೆ ಬರಬೇಕಾದದ್ದು, 4.5 ಮಾತ್ರ. ಹಾಗೆಂದು 0.070 ಬಂದರೆ ಲಾಟ್‌ಗಳು ಸಮ ಎಂದೂ ಅಲ್ಲ, ಬೀಜ ಸಾಲದು ಎಂದಷ್ಟೇ. ಪ್ರಯೋಗಾಲಯಗಳು ನೂರರ ನಾಲ್ಕು ತಂಡಗಳಂತೆ 400 ಬೀಜ ಇಡುವುದು ಸುಮ್ಮನೆ ಅಲ್ಲ.

ಇದೇ ಎಣಿಕೆ ಮಾಡುವ ಎಕ್ಸೆಲ್‌ನ ಹೈಪರ್‌ಜಿಯೊಮೆಟ್ರಿಕ್ ಸೂತ್ರಕ್ಕೆ (HYPGEOM.DIST) ಕ್ರಮವಾಗಿ 7, 10, 11, 20 ಕೊಟ್ಟು, ಸಂಚಿತ (7ರವರೆಗಿನ) ಮೊತ್ತವನ್ನು 1ರಿಂದ ಕಳೆಯಿರಿ, 0.035 ಸಿಗುತ್ತದೆ. 7ರ ಬದಲು 8 ಹಾಕಿದರೆ ನಿಮ್ಮ ಫಲಿತಾಂಶವೇ ಲೆಕ್ಕದಿಂದ ಹೊರಗೆ ಬಿದ್ದುಹೋಗುತ್ತದೆ.

ಪ್ರಯೋಗಕ್ಕೆ ಮುಂಚೆ ಇನ್ನೊಂದು ಲೆಕ್ಕ. ಮೂರು ಮೂರು ಬೀಜವಿಟ್ಟರೆ 3–0 ಬಂದರೂ ಎರಡು ಬದಿಯ ಉತ್ತರ 2/20, ಅಂದರೆ 0.10, 0.05 ಮುಟ್ಟಲು ಸಾಧ್ಯವೇ ಇಲ್ಲ. ನಾಲ್ಕು ನಾಲ್ಕಿಟ್ಟರೆ 2/70, ಸುಮಾರು 0.029. ಜೊತೆಗೆ, ಒಂದೇ ಕಾಗದದಲ್ಲಿ ಬೂಷ್ಟು ಹರಡಿ ಪಕ್ಕಪಕ್ಕದ ಬೀಜಗಳು ಕೆಟ್ಟರೆ ಅವು ಸ್ವತಂತ್ರ ಎಣಿಕೆಗಳಲ್ಲ, ಯಾವ ನಿಖರ ಪರೀಕ್ಷೆಯೂ ಅದನ್ನು ಸರಿಪಡಿಸದು.

‘ಇಷ್ಟರಲ್ಲಿ ಇಷ್ಟು’ ಎನ್ನಲಾಗದ ಎಣಿಕೆಗಳೂ ಇವೆ; ರಸ್ತೆ ಅಪಘಾತದಂಥವು. ಅಲ್ಲಿ ದ್ವಿಪದ ಪರೀಕ್ಷೆ. ಒಂದು ರಸ್ತೆಯಲ್ಲಿ 15, ಇನ್ನೊಂದರಲ್ಲಿ 5. ಗಮನಿಸಿದ ಅವಧಿ ಸಮವಾಗಿದ್ದರೆ 20 ನಾಣ್ಯ ಚಿಮ್ಮಿದಾಗ 15 ಅಥವಾ ಹೆಚ್ಚು ತಲೆ ಬೀಳುವ ಸಂಭವನೀಯತೆಯೇ ಉತ್ತರ: 0.021, ಎರಡು ಬದಿಗೆ 0.041. ಮೊದಲ ರಸ್ತೆಯನ್ನು ಎರಡು ತಿಂಗಳು, ಇನ್ನೊಂದನ್ನು ಒಂದೇ ತಿಂಗಳು ನೋಡಿದ್ದರೆ ½ರ ಬದಲು ⅔ ಹಾಕಬೇಕು. ಆಗ ಒಂದು ಬದಿಯ ಉತ್ತರವೇ 0.30ಕ್ಕೆ ಏರುತ್ತದೆ.