ಗೆಟ್ಸ್–ಜಿಲ್ಬರ್ಟೊ, ಡಿ ಫ್ಲ್ಯಾಟ್‌ನಲ್ಲೇ: ನನ್ನ ಅನುಭವ

ಡ್ರಮ್ಸ್ ಬೇಡ, ಬೇಸ್ ಬೇಡ. ಒಂದು ನೈಲಾನ್ ಗಿಟಾರು, ಒಂದು ಸ್ಯಾಕ್ಸೊಫೋನು, ಮಾತಾಡುವಷ್ಟೇ ದನಿಯಲ್ಲಿ ಹಾಡು. ಇಷ್ಟರಲ್ಲೇ, ಅಮೆರಿಕದ ಸ್ಯಾಕ್ಸ್ ವಾದಕ ಸ್ಟ್ಯಾನ್ ಗೆಟ್ಸ್ ಮತ್ತು ಬ್ರೆಜಿಲಿನ ಗಾಯಕ, ಗಿಟಾರ್ ವಾದಕ ಜೊವಾವ್ ಜಿಲ್ಬರ್ಟೊ ಸೇರಿ ಮಾಡಿದ ಬೊಸಾ ನೋವಾ ಆಲ್ಬಮ್ ‘ಗೆಟ್ಸ್/ಜಿಲ್ಬರ್ಟೊ’ದ ಎಂಟೂ ಹಾಡು ಶನಿವಾರ ಸಂಜೆಯ ಕೆಫೆಯಲ್ಲಿ ನಡೆಯುತ್ತೆ ಅಂದಾಗ ಬೆಂಗಳೂರಿನ ನಮ್ಮ ಗಿಟಾರ್ ಬಳಗದಲ್ಲಿ ಯಾರೂ ನಂಬಲಿಲ್ಲ. “ಅದು ಲಿಫ್ಟಲ್ಲಿ ಹಾಕೋ ಮ್ಯೂಸಿಕ್ ಕಣೋ, ಅದಕ್ಕ್ಯಾರು ದುಡ್ಡು ಕೊಡ್ತಾರೆ?” ಅಂದ ಗೆಳೆಯನೇ ಹೋದ ತಿಂಗಳು ಬಂದು ಮುಂದಿನ ಟೇಬಲ್ಲಲ್ಲಿ ಕೂತಿದ್ದ. ಬಿಲ್ ನಾನೇ ಕೊಟ್ಟೆ, ಖುಷಿಗೆ.

ಮೊದಲ ಜಗಳ ಶ್ರುತಿಯದು. ಆಲ್ಬಮ್ಮಿನ ‘ದ ಗರ್ಲ್ ಫ್ರಮ್ ಇಪನೇಮಾ’ ಹಾಡನ್ನು ಎಲ್ಲರೂ ನೊಟೇಶನ್ ಪುಸ್ತಕ ನೋಡಿ ಎಫ್‌ನಲ್ಲಿ ನುಡಿಸುತ್ತಾರೆ. ರೆಕಾರ್ಡಿನಲ್ಲಿ ಅದು ಡಿ ಫ್ಲ್ಯಾಟ್. ಜೊವಾವ್ ಜಿಲ್ಬರ್ಟೊ ಪೋರ್ಚುಗೀಸಿನಲ್ಲಿ ಹಾಡುವುದೂ ಅಲ್ಲೇ, ಆಮೇಲೆ ಅವರ ಆಗಿನ ಹೆಂಡತಿ ಅಸ್ಟ್ರುಡ್ ಇಂಗ್ಲಿಷಿನಲ್ಲಿ ಎತ್ತಿಕೊಳ್ಳುವುದೂ ಅಲ್ಲೇ. ಎಫ್‌ನಲ್ಲಿ ಹಾಡಿದರೆ ನನ್ನಂಥ ಗಂಟಲಿನವರು ಮೇಲಿನ ಸ್ವರಗಳಿಗೆ ಒಂಚೂರು ಒತ್ತಲೇಬೇಕು. ಒತ್ತಿದ ಕೂಡಲೇ ದನಿ ಏರುತ್ತೆ, ದನಿ ಏರಿದರೆ ಈ ಹಾಡಿನ ಕಥೆ ಅಲ್ಲಿಗೆ ಮುಗೀತು. ಡಿ ಫ್ಲ್ಯಾಟ್‌ಗೆ ಇಳಿಸಿದ ದಿನ ಪಕ್ಕದಲ್ಲಿ ಕೂತವರ ಜೊತೆ ಮಾತಾಡುವ ಹಾಗೆ ಹಾಡೋಕಾಯಿತು. ಗಿಟಾರಿಗೂ ಇದರಲ್ಲಿ ಲಾಭವಿದೆ. ಐದನೇ ತಂತಿಯ ನಾಲ್ಕನೇ ಫ್ರೆಟ್ಟಿನಿಂದ ಶುರು ಮಾಡಿದರೆ ಮೊದಲ ಫ್ರೆಟ್ಟಿನಲ್ಲಿ ಒಂದೇ ಬೆರಳಿಂದ ಎಲ್ಲ ತಂತಿ ಒತ್ತುವ ಬಾರ್ ಹಿಡಿದು ಬೆರಳು ಸೋಲಿಸಿಕೊಳ್ಳುವ ಕಷ್ಟವಿಲ್ಲ. ಎಲ್ಲೂ ಬೆರಳೊತ್ತದ ತೆರೆದ ತಂತಿ ಇಲ್ಲದ್ದರಿಂದ ಎಡಗೈ ಸಡಿಲ ಬಿಟ್ಟರೆ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ) ಸದ್ದು ಅಲ್ಲೇ ಕಡಿಯುತ್ತೆ. ಸಡಿಲ ಬಿಡುವ ಆ ಗಳಿಗೆ ಯಾವುದು ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಬೇಕಾದವರು ಬಂದು ನೋಡಿ.

ಬಲಗೈ ಎಲ್ಲರಿಗೂ ಗೊತ್ತಿರುವುದೇ: ಹೆಬ್ಬೆರಳು ಬೇಸ್, ಮೂರು ಬೆರಳು ಒಟ್ಟಿಗೆ ಕಾರ್ಡ್. ಯೂಟ್ಯೂಬಿನವರು ಎರಡು ಆವರ್ತದ ಒಂದು ಪ್ಯಾಟರ್ನ್ ಹೇಳಿಕೊಟ್ಟು ಬಿಡುತ್ತಾರೆ. ಅದನ್ನೇ ಕೊನೆತನಕ ನುಡಿಸಿದರೆ ರಿದಮ್ ಪ್ಯಾಡ್ ಆನ್ ಮಾಡಿದ ಹಾಗಿರುತ್ತೆ. ಜಿಲ್ಬರ್ಟೊ ಬೆರಳು ಒಂದೇ ಪ್ಯಾಟರ್ನಿಗೆ ಅಂಟಿಕೊಳ್ಳೋದಿಲ್ಲ. ಹೆಬ್ಬೆರಳಿನ ತಾಳ ಮಾತ್ರ ಅಲ್ಲಾಡುವುದಿಲ್ಲ, ಹೆಚ್ಚಿನ ಕಡೆ ಅದು ಒಂದೇ ಸ್ವರದ ಮೇಲೆ ಕೂತಿರುತ್ತೆ. ಮೇಲೆ ಹಾಡು ಒಮ್ಮೆ ಅನಾಗತ, ಒಮ್ಮೆ ಅತೀತ, ಅಂದರೆ ತಾಳದ ಏಟಿಗಿಂತ ಕೊಂಚ ಹಿಂದೆ ಮುಂದೆ. ಅದನ್ನು ಮೆಟ್ರೊನೋಮ್ ಇಟ್ಟು ಕಲಿಯಲು ನೋಡಿದೆ, ಆಗಲಿಲ್ಲ. ರೆಕಾರ್ಡನ್ನು ನಿಧಾನ ಮಾಡಿ ಬರೆದುಕೊಂಡೆ. ಬರೆದದ್ದನ್ನು ಹಾಡಿದರೆ ಪಾಠ ಒಪ್ಪಿಸಿದ ಹಾಗಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ದಿನಪತ್ರಿಕೆ. ಬಲಗೈ ತಾಳ ಬಿಡದೆ ನಡೆಯುತ್ತಿರಬೇಕು, ಬಾಯಲ್ಲಿ ಸುದ್ದಿ ಓದಬೇಕು, ಬೇಕೆಂದೇ ಎಡವುತ್ತಾ, ಓಡುತ್ತಾ, ನಿಲ್ಲುತ್ತಾ. ಮಾರುಕಟ್ಟೆ ದರದ ಪುಟ ಇದಕ್ಕೆ ಅತ್ಯುತ್ತಮ. ಕ್ರೀಡಾಪುಟದಲ್ಲಿ ಉತ್ಸಾಹ ಬಂದು ಲಯ ಏರಿಬಿಡುತ್ತೆ. ಮನೆಯವಳು ಒಂದು ಮಳೆಗಾಲ ಪೂರ್ತಿ ಸಹಿಸಿಕೊಂಡಳು. ಆಮೇಲೆ ಸುದ್ದಿಯ ಜಾಗಕ್ಕೆ ಹಾಡಿನ ಸಾಲು ಇಟ್ಟೆ, ಕೈ ಕದಲಲಿಲ್ಲ.

ತಾಳವಾದ್ಯಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ರೆಕಾರ್ಡಿನಲ್ಲಿ ಮಿಲ್ಟನ್ ಬನಾನಾ ಅವರ ಡ್ರಮ್ಸ್ ಇದ್ದೂ ಇಲ್ಲದಷ್ಟು ಮೆತ್ತಗೆ ಇದೆ. ಅಷ್ಟು ಮೆತ್ತಗೆ ಬಾರಿಸುವವರು ನನಗೆ ಸಿಗಲಿಲ್ಲ. ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ ಕಹೋನ್ ತಂದೆ, ಏಳು ಸಾವಿರದ ಹತ್ತಿರ. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇದೆ. ನಡುವೆ ಖಂಜಿರ ನುಡಿಸುವ ಸ್ನೇಹಿತರೊಬ್ಬರನ್ನು ಕರೆದೆ. ಬ್ರೆಜಿಲಿನ ಪಾಂಡೇರೊಗೂ ಖಂಜಿರಕ್ಕೂ ಚರ್ಮ, ಬಿಲ್ಲೆ ಎರಡರಲ್ಲೂ ನೆಂಟಸ್ತಿಕೆ ಇದೆಯಲ್ಲ! ಗುಮಕಿ ಬಿದ್ದಾಗ ಮೈ ಜುಮ್ಮೆಂದದ್ದು ನಿಜ. ಆದರೆ ಅವರ ಕೈ ಸುಮ್ಮನಿರೋದಿಲ್ಲ, ಪ್ರತಿ ಹಾಡಿನ ಕೊನೆಗೂ ತೀರ್ಮಾನ, ಅಂದರೆ ಒಂದೇ ಜತಿಯನ್ನು ಮೂರು ಸಲ ಬಾರಿಸಿ ಮುಗಿಸೋದು. ‘ಸೊ ದಾನ್ಸೊ ಸಾಂಬಾ’ಕ್ಕೆ ಅದು ಚೆನ್ನಾಗಿಯೇ ಇತ್ತು. ಮೆಲ್ಲನೆಯ ‘ಕೊರ್ಕೊವಾಡೊ’ಗೆ ತೀರ್ಮಾನ ಹಾಕಿದ ದಿನ ಇಬ್ಬರೂ ನಕ್ಕು ಕಾಫಿಗೆ ಹೋದೆವು.

ಸ್ಯಾಕ್ಸ್ ವಿಷಯದಲ್ಲಿ ನನ್ನ ಅದೃಷ್ಟ ದೊಡ್ಡದು. ಕರಾವಳಿಯಲ್ಲಿ ಮದುವೆ, ಉತ್ಸವ ಅಂದರೆ ಸ್ಯಾಕ್ಸೊಫೋನ್ ಇರಲೇಬೇಕು. ಅಲ್ಲಿಂದ ಬಂದ ಹುಡುಗನೊಬ್ಬ ಸಿಕ್ಕ. ಆಲ್ಟೊ ಸ್ಯಾಕ್ಸ್ ಅವನದು, ಗೆಟ್ಸ್‌ದು ಅದಕ್ಕಿಂತ ಕೆಳದನಿಯ ಟೆನರ್. ಆಲ್ಟೊದಲ್ಲಿ ಅದೇ ಸ್ವರಕ್ಕೆ ಹೆಸರು ಬೇರೆ, ನನ್ನ ಡಿ ಫ್ಲ್ಯಾಟ್ ಅವನಿಗೆ ಬಿ ಫ್ಲ್ಯಾಟ್ ಆಗಿ ಬೀಳುತ್ತೆ. “ಅಣ್ಣಾ, ಇದು ನನಗೆ ಸುಲಭ ಮಾರಾಯ್ರೆ” ಅಂದ. “ಡಿ ಫ್ಲ್ಯಾಟ್ ಅಂದರೆ ಸ್ಯಾಕ್ಸಿನವರು ಓಡಿಹೋಗ್ತಾರೆ” ಅಂತ ಹೆದರಿಸಿದ್ದವರಿಗೆ ಈ ಲೆಕ್ಕ ಹೊಳೆದಿರಲಿಲ್ಲ. ಕಷ್ಟವಾದದ್ದು ಜೋರು. ಬಯಲಿನಲ್ಲಿ ನೂರಾರು ಜನಕ್ಕೆ ಊದಿದ ಉಸಿರು ಅದು. ಊದಿದಾಗ ಅದುರಿ ಸದ್ದು ಹುಟ್ಟಿಸುವ ರೀಡನ್ನು ಮೆತ್ತನೆಯದು ಹಾಕಿಸಿದೆವು, ಪೆಟ್ಟಿಗೆಗೆ ಮೂರು ಸಾವಿರ ಚಿಲ್ಲರೆ. ಸ್ವರದ ಜೊತೆ ಗಾಳಿಯೂ ಕೇಳುವಂತೆ ಊದಲು ಹೇಳಿದೆ. ಮೊದಮೊದಲು ಅವನಿಗೆ ಅದು ವಾದ್ಯ ಕೆಟ್ಟ ಹಾಗೆ ಕೇಳುತ್ತಿತ್ತು, ಪಾಪ. ಈಗ ‘ಒ ಗ್ರಾಂಡಿ ಅಮೋರ್’ನಲ್ಲಿ ಅವನು ಶುರು ಮಾಡಿದರೆ ವೇಟರುಗಳು ಲೋಟ ಇಡುವ ಸದ್ದೂ ಕಡಿಮೆಯಾಗುತ್ತೆ.

ಆ ಆಲ್ಬಮ್ 1963ರ ಮಾರ್ಚ್ 18, 19ರಂದು, ಎರಡೇ ದಿನದಲ್ಲಿ, ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದದ್ದು. ಇಪನೇಮಾಕ್ಕೆ ಸಂಗೀತ ಕಟ್ಟಿದ ಜೊಬಿಂ ಪಿಯಾನೊದಲ್ಲಿ ಕೂತು ಎಷ್ಟು ಕಡಿಮೆ ನುಡಿಸಿದ್ದಾರೆ ಅಂತ ಗಮನಿಸಿ. ಆಮೇಲೆ ಅದು ಹೊರಬರಲು ವರ್ಷ ಬೇಕಾಯಿತು. ಬಂದ ಮೇಲೆ 1965ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ, ಫಿಲ್ ರಮೋನ್ ಅವರ ರೆಕಾರ್ಡಿಂಗಿಗೆ ಇನ್ನೊಂದು. ನನಗೆ ಆ ಎರಡನೆಯದೇ ಮುಖ್ಯ. ಹಾಡುವವನ ಬಾಯಿ ನಮ್ಮ ಕಿವಿಯ ಪಕ್ಕದಲ್ಲೇ ಇದೆ ಅನಿಸುತ್ತೆ, ಅರವತ್ತು ವರ್ಷ ಕಳೆದರೂ. ಕೆಫೆಯಲ್ಲಿ ಇದನ್ನು ತರಲು ನಾನು ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಇಟ್ಟು ದನಿಗೆ ಪ್ರತಿಧ್ವನಿ ಸೇರಿಸುವ ರಿವರ್ಬ್ ಪೂರ್ತಿ ತೆಗೆದೆ. ಸೌಂಡ್ ಹುಡುಗ “ಸಾರ್, ಡ್ರೈ ಆಗುತ್ತೆ” ಅಂತ ಎರಡು ಸಲ ಹಾಕಿದ, ನಾನು ಎರಡು ಸಲ ತೆಗೆದೆ. ಸ್ಪೀಕರ್ ದಿಕ್ಕಿನದೂ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲೆಕ್ಕ ಹೇಳಿಬಿಡುತ್ತೇನೆ. ನನ್ನ ಸೆಮಿ ಹಾಲೊ ಎಲೆಕ್ಟ್ರಿಕ್ ಗಿಟಾರು ಮಾರಿದ್ದು ನಲವತ್ತೈದು ಸಾವಿರದ ಆಸುಪಾಸಿಗೆ. ನೈಲಾನ್ ಗಿಟಾರು, ಪಿಕಪ್, ಮೈಕು ಸೇರಿ ನಲವತ್ತು ದಾಟಿತು. ತಂತಿ ಸೆಟ್ಟಿಗೆ ಎಂಟುನೂರೋ ಒಂಬೈನೂರೋ, ತಿಂಗಳಿಗೊಂದು. ಬಿಗುವು ಹೆಚ್ಚಿರುವ ಹಾರ್ಡ್ ಟೆನ್ಷನ್ ತಂತಿ ಹಾಕಿ ನೋಡಿದೆ, ಸದ್ದು ಚೆನ್ನ, ಸ್ವಲ್ಪ ಹೊತ್ತಿಗೇ ಬೆರಳು ಮಾತು ಕೇಳಲ್ಲ, ನಾರ್ಮಲ್‌ಗೇ ವಾಪಸ್. ಮೊದಲ ಕೆಫೆಯವರು ಅರ್ಧಕ್ಕೇ ನಿಲ್ಲಿಸಿ “ಸ್ವಲ್ಪ ಹಿಂದಿ ಹಾಡಿ” ಅಂದರು, ಕೊನೆಗೆ ಊಟದ ಕೂಪನ್ ಕೊಟ್ಟು ಕಳಿಸಿದರು. ಈಗಿನ ಜಾಗದಲ್ಲಿ ಇಬ್ಬರಿಗೂ ಸೇರಿ ಆರು ಸಾವಿರ ಬರುತ್ತೆ. ಎಂಟು ಹಾಡು ರೆಕಾರ್ಡಿನಲ್ಲಿ ಮೂವತ್ತನಾಲ್ಕು ನಿಮಿಷದ ಹತ್ತಿರ. ನಾವು ಐವತ್ತಕ್ಕೆ ಎಳೆಯುತ್ತೇವೆ, ಸ್ಯಾಕ್ಸಿನ ಹುಡುಗನಿಗೆ ಜಾಸ್ತಿ ಸುತ್ತು ಕೊಟ್ಟು.

ಇಪನೇಮಾವನ್ನು ಮೊದಲು ಹಾಡುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಹಾಡು, ಕೇಳಿದ ಕೂಡಲೇ ಫೋನ್ ಎತ್ತಿ ವಿಡಿಯೊ ತೆಗೆದು ಮತ್ತೆ ಮಾತಿಗೆ ಹೋಗಿಬಿಡುತ್ತಾರೆ. ‘ದೊರಾಲಿಸಿ’ಯಿಂದ ಶುರು ಮಾಡಿ, ಆರಿ ಬರೋಸೊ ಅವರ ಹಳೇ ಸಾಂಬಾ ದಾಟಿ, ಇಪನೇಮಾ ಆರನೆಯದು. ಈಗ ಕೆಫೆಯವರು ಎರಡನೇ ಸೆಟ್, ಅಂದರೆ ಇನ್ನೊಂದು ಸುತ್ತು ಹಾಡು ಕೇಳುತ್ತಿದ್ದಾರೆ. 1959ರಿಂದ 61ರವರೆಗೆ ಜಿಲ್ಬರ್ಟೊ ಬ್ರೆಜಿಲಿನಲ್ಲಿ ತಂದ ಮೂರು ರೆಕಾರ್ಡುಗಳಿಂದ ಹಾಡು ಆರಿಸುತ್ತಿದ್ದೇನೆ. ಹುಡುಗ ಊರ ಜಾತ್ರೆ ಮುಗಿಸಿ ಬರಬೇಕು.